ಇನ್ನೊಂದು ಸೌಟು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ನಾನು ದೂರದ ಸೀಮೆಯವನು. ಇಲ್ಲಿಗೆ ಬಂದ ಮೇಲೆ ಈ ಊರಿನವರ ಮಾತು ಕಲಿತೆ, ನಡೆ ಕಲಿತೆ. ಯಾವುದರಲ್ಲೂ ತಪ್ಪದಂತೆ ನಡೆದುಕೊಂಡೆ. ಆದರೂ ಇವರು ನನ್ನನ್ನು ಇನ್ನೂ ನೆಂಟನಂತೆ ಕಾಣುತ್ತಾರೆ. ನಾನು ಇವರವನಾಗುವುದು ಯಾವಾಗ?"

ಗುರು ಒಂದು ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಅಧ್ಯಾಪಕಿ ಇದ್ದಳು. ನಾಡಿನ ಮಕ್ಕಳೂ ಪರದೇಶದ ಮಕ್ಕಳೂ ಕೂಡಿ ಕಲಿಯಬೇಕೆಂಬುದು ಅವಳ ಆಸೆ. ಹರೆಯದಲ್ಲಿ ಹಿಡಿದ ಕೆಲಸವನ್ನು ತಲೆ ನರೆತರೂ ಬಿಡಲಿಲ್ಲ. ಯಾರ ಪದ್ಧತಿ ಏನು, ಯಾರಿಗೆ ಯಾವುದು ಮರ್ಯಾದೆ ಎಂದು ಪಾಠ ಹೇಳಿದಳು. ಹೋರಾಡಿ ಎಲ್ಲರಿಗೂ ಸೇರಿ ಒಂದೇ ಊಟದ ಮನೆ ಕಟ್ಟಿಸಿದಳು.

ಅವಳು ನಿವೃತ್ತಳಾಗುವ ವರ್ಷ ನಾಡಿನ ಮಕ್ಕಳು ಪರದೇಶದವರನ್ನು ಹಬ್ಬದೂಟಕ್ಕೆ ಕರೆದರು. ಬಾಳೆಲೆ ಹಾಕಿ ಬಡಿಸಿದರು. ಈ ನಾಡಿನಲ್ಲಿ ಎಲೆ ಖಾಲಿಯಾದರೆ ಮತ್ತೆ ಬಡಿಸುವುದು ಮರ್ಯಾದೆ. ಬಂದವರ ದೇಶದಲ್ಲಿ ಬಡಿಸಿದ್ದನ್ನು ಉಳಿಸದೆ ತಿನ್ನುವುದು ಮರ್ಯಾದೆ. ಇವರು ಹಾಕುತ್ತ ಹೋದರು, ಅವರು ತಿನ್ನುತ್ತ ಹೋದರು. ಪಾಯಸದ ಪಾತ್ರೆ ಬರಿದಾಯಿತು. ಬಡಿಸಿದವರಿಗೆ ಸಾರು ಕೂಡ ಉಳಿಯಲಿಲ್ಲ.

ಮರುದಿನ ಬಂದವರು ಹೊಟ್ಟೆ ಹಿಡಿದುಕೊಂಡು, ನಮ್ಮನ್ನು ಕರೆದು ಹಿಂಸಿಸಿದರು ಎಂದರು. ಕರೆದವರು, ಇವರು ಹೊಟ್ಟೆಬಾಕರು ಎಂದರು. ಇಬ್ಬರೂ ಕುಲಪತಿಯ ಬಳಿ ಹೋಗಿ, ಊಟದ ಮನೆಯ ನಡುವೆ ಗೋಡೆ ಎಬ್ಬಿಸಿಕೊಡಿ ಎಂದು ಕೇಳಿದರು.

ಕುಲಪತಿ ಅಧ್ಯಾಪಕಿಯನ್ನು ಕರೆಸಿದ. "ಒಮ್ಮೆ ಇಬ್ಬರಿಗೂ ಬಿಡಿಸಿ ಹೇಳಿ ನೋಡಿ ಮೇಡಂ."

"ಹೇಳಿದ್ದೇನೆ ಸರ್. ಪರೀಕ್ಷೆಗೂ ಇದೇ ಪ್ರಶ್ನೆ ಕೊಟ್ಟಿದ್ದೆ. ಇಬ್ಬರೂ ಚೆನ್ನಾಗಿ ಬರೆದಿದ್ದಾರೆ."

ಗೋಡೆ ಏಳುವ ಮೊದಲು ಇನ್ನೊಂದು ಊಟಕ್ಕೆ ಅವಳು ಅನುಮತಿ ಪಡೆದಳು. ಈ ಸಲ ಪರದೇಶದವರು ಬಡಿಸಬೇಕು, ನಾಡಿನವರು ಉಣ್ಣಬೇಕು.

ಬಡಿಸುವವರು ತಮ್ಮ ರೀತಿಯಂತೆ ಒಂದೇ ಸಲ, ಅಳತೆಯಾಗಿ ಬಡಿಸಿ ಕೈಕಟ್ಟಿ ನಿಂತರು. ಎಲೆಗಳು ಬೇಗ ಖಾಲಿಯಾದವು. ಉಣ್ಣುವವರು ಕಾದರು. ಯಾರೂ ಬರಲಿಲ್ಲ. ತಾವಾಗಿ ಕೇಳಲು ನಾಚಿಕೆ. ಅಧ್ಯಾಪಕಿ ಮೂಲೆಯಲ್ಲಿ ಕುಳಿತಿದ್ದಳು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಕೊನೆಗೆ ಹುಡುಗಿಯೊಬ್ಬಳು ತಡೆಯಲಾರದೆ ಹೇಳಿದಳು: "ಅಣ್ಣಾ, ಇನ್ನೊಂದು ಸೌಟು ಹಾಕೋ. ಹಸಿವು ಹಾಗೇ ಇದೆ."

ಬಡಿಸುತ್ತಿದ್ದವನು ಬೆರಗಾದ. "ಹೀಗೆ ಕೇಳಬಹುದಾ? ಹಾಗಾದರೆ ಅವತ್ತು ನಾನು ಸಾಕು ಅಂದಿದ್ದರೆ ಬಿಡ್ತಿದ್ರಾ?"

"ಎಲ್ಲಿ ಬಿಡ್ತಿದ್ವಿ? ಎಲೆಗೆ ಕೈ ಅಡ್ಡ ಹಿಡೀಬೇಕಿತ್ತು, ದಡ್ಡ."

ಮೊದಲು ಅವನು ನಕ್ಕ. ಆಮೇಲೆ ಇಡೀ ಪಂಕ್ತಿ ನಕ್ಕಿತು. ಒಬ್ಬನಿಗೆ ಅನ್ನ ಬೇಕಾಯಿತು, ಒಬ್ಬಳಿಗೆ ಪಲ್ಯ. ಬಡಿಸುವವರು ಸೌಟು ಹಿಡಿದು ಓಡಾಡಿದರು. ಸಾಕಾದವರು ಎಲೆಯ ಮೇಲೆ ಮಲಗಿಬಿಡುವವರಂತೆ ಬಾಗಿ ಕೈ ಅಡ್ಡ ಹಿಡಿದರು. ಅವರಿಗೂ ಬೆರಳ ಸಂದಿಯಲ್ಲಿ ಸಾರು ಬಿತ್ತು. ಕೊನೆಗೆ ಬಡಿಸಿದವರನ್ನು ಉಂಡವರೇ ಎಳೆದು ಕೂರಿಸಿ ಎಲೆ ಹಾಕಿದರು. ಗೋಡೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಕತೆ ಕೇಳಿ ಶಿಷ್ಯ ನಗುತ್ತಿದ್ದ. ಗುರುವೂ ನಕ್ಕು ಕೇಳಿದರು:

"ಬಂದಾಗಿನಿಂದ ನೀನು ಈ ಊರಿನಲ್ಲಿ ಯಾರನ್ನಾದರೂ ಏನಾದರೂ ಕೇಳಿದ್ದೀಯಾ?"