ಬಾಳವ್ವನ ಸೋಮವಾರ

ಒಂದಾನೊಂದು ಊರು. ಆ ಊರಿಗೆ ಒಂದೇ ಗಾಣ ಇತ್ತಂತೆ. ಗಾಣದವನ ಹೆಸರು ಚನಮಲ್ಲ, ಅವನ ಹೆಂಡತಿ ಬಾಳವ್ವ, ಗಾಣ ಎಳೆಯುವ ಎತ್ತು ಕೆಂದ. ಮೂವರೂ ದುಡಿಯುತ್ತಿದ್ದರು. ಕೆಂದ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸುತ್ತು ಹೊಡೆಯುತ್ತಿತ್ತು. ಬಾಳವ್ವ ಗಾಣದ ಬಾಯಿಗೆ ಕೂತು, ಮೇಲೇರಿ ಬರುವ ಕುಸುಬಿ ಕಾಳನ್ನು ಕೈಯಿಂದ ಒಳಗೆ ತಳ್ಳುತ್ತಿದ್ದಳು, ಎಣ್ಣೆ ಬಸಿಯುತ್ತಿದ್ದಳು, ಹಿಂಡಿ ಕೆರೆದು ತೆಗೆಯುತ್ತಿದ್ದಳು. ಚನಮಲ್ಲ ಎಣ್ಣೆ ಅಳೆದು ಕೊಡುತ್ತಿದ್ದ. ಅಳೆಯುವುದೂ ಕೆಲಸವೇ, ಇಲ್ಲ ಅನ್ನೋಕಾಗುತ್ತಾ?

ಆ ಸೀಮೆಯಲ್ಲಿ ಸೋಮವಾರ ಅಂದರೆ ಬಸವಣ್ಣನ ದಿನ. ಅವತ್ತು ಎತ್ತಿನ ಹೆಗಲಿಗೆ ನೊಗ ಇಟ್ಟವನ ಮನೆಯಲ್ಲಿ ಯಾರೂ ನೀರು ಕೂಡ ಕುಡಿಯುತ್ತಿರಲಿಲ್ಲ. ಎತ್ತು ನಿಂತರೆ ಗಾಣ ನಿಲ್ಲುತ್ತಿತ್ತು, ಗಾಣ ನಿಂತರೆ ಬಾಳವ್ವನ ಕೈ ನಿಲ್ಲುತ್ತಿತ್ತು. ಅವಳು ಸೀಗೆಕಾಯಿ ಹಾಕಿ ತಲೆಯ ಜಿಡ್ಡು ತೊಳೆದು, ಹಳ್ಳ ದಾಟಿ ತವರಿಗೆ ಹೋಗುತ್ತಿದ್ದಳು. ಅವಳವ್ವ ಹಳ್ಳದ ದಂಡೆಗೇ ಬಂದು ಕಾಯುತ್ತಿದ್ದಳು. ಇಬ್ಬರೂ ಹಿತ್ತಲ ಬೇವಿನ ನೆರಳಿಗೆ ಕೂತು ಮಜ್ಜಿಗೆ ಕುಡಿದು, ಕಂಡವರ ಮನೆ ಸುದ್ದಿಯೆಲ್ಲ ಮಾತಾಡಿ, ಹೊತ್ತು ಇಳಿದ ಮೇಲೆ ಮಗಳು ಎದ್ದು ಬರುತ್ತಿದ್ದಳು. ವಾರಕ್ಕೆ ಅದೊಂದು ದಿನ ಇದೆ ಅಂತಲೇ ಅವಳು ಉಳಿದ ಆರು ದಿನ ಬದುಕುತ್ತಿದ್ದದ್ದು.

ಹಿಂಗಿರುವಾಗ ಏಳು ಹಳ್ಳದಾಚೆಯಿಂದ ಒಬ್ಬ ಮುದಿ ಬಡಿಗ ಬಂದನಂತೆ. ಹೆಗಲ ಮೇಲೆ ಒಂದು ಕರೀ ಕಂಬ.

"ಇದರೊಳಗ ಒಂದು ದೆವ್ವ ಕೂಡ್ಸಿ ಮೊಳಿ ಹೊಡದೀನಿ," ಅಂದ. "ಗಾಣದಾಗ ನೆಟ್ಟರ ಸಾಕು, ತಾನ ತಿರಗತೈತಿ. ಮೇವು ಬ್ಯಾಡ, ನೀರು ಬ್ಯಾಡ, ದಣಿವು ಗೊತ್ತಿಲ್ಲ. ನಿನ್ನ ಎತ್ತು ಕೊಡು, ಕಂಬ ತಗೊ."

ಚನಮಲ್ಲನ ಬಾಯಲ್ಲಿ ನೀರು ಬಂತು. ಬಾಳವ್ವ ಕೇಳಿದಳು, "ಅಷ್ಟು ಚಲೋ ದೆವ್ವ ಆದ್ರ ನೀನ ಇಟ್ಕೊಳ್ಳಪಾ. ನಮ್ಮ ಎತ್ತು ಯಾಕ ಬೇಕು ನಿನಗ?"

"ಸಂಜಿಮುಂದ ಮೈ ಸವರಾಕ ಒಂದು ಜೀವ ಬೇಕಲ್ಲ ತಂಗಿ. ದೆವ್ವದ ಮೈ ಸವರಾಕ ಬರೂದಿಲ್ಲ," ಅಂದನಂತೆ ಬಡಿಗ.

ಮಾಡಿದವನೇ ಹಿಂಗಂದಾಗ ಎಚ್ಚರ ಆಗಬೇಕಿತ್ತು. ಚನಮಲ್ಲನಿಗೆ ಎಲ್ಲಿಯ ಎಚ್ಚರ? ಹೆಂಡತಿಗೆ, "ದಿನದ ಕೆಲಸ ಮಧ್ಯಾಹ್ನಕ್ಕ ಮುಗೀತೈತಿ. ಆಮ್ಯಾಲ ನೀ ಕಾಲು ಚಾಚಿ ಕೂಡು," ಅಂದ. ಅವಳೂ ನಂಬಿದಳು. ಕೆಂದನ ಹಗ್ಗ ಬಿಚ್ಚಿ ಬಡಿಗನ ಕೈಗೆ ಕೊಟ್ಟರು. ನೊಗ ಮಾತ್ರ ಗೋಡೆಯ ಗೂಟದಲ್ಲೇ ಉಳಿಯಿತು.

ಕಂಬ ನೆಟ್ಟಿದ್ದೇ ತಡ, ಗಾಣ ಗಿರಗಿರ ತಿರುಗಿತು. ಮೊದಲ ದಿನ ನಿಜವಾಗಲೂ ಮಧ್ಯಾಹ್ನಕ್ಕೇ ಕೆಲಸ ಮುಗಿದು, ಬಾಳವ್ವ ಕಾಲು ಚಾಚಿ ಕೂತಳು. ಎರಡನೇ ದಿನ ಪಕ್ಕದ ಊರಿನ ಕುಸುಬಿ ಬಂತು. ಮೂರನೇ ದಿನ ಅದರ ಪಕ್ಕದ ಊರಿಂದು. ವಾರ ತುಂಬುವುದರೊಳಗೆ ಏಳೂರ ಕುಸುಬಿ ಅಂಗಳದಲ್ಲಿ ರಾಶಿ ಬಿತ್ತು. ಒಂದು ಕಡೆ ಕೆಲಸ ಬೇಗ ಆಗುತ್ತದೆ ಅಂತ ಗೊತ್ತಾದರೆ ಸಾಕು, ಲೋಕದ ಕೆಲಸವೆಲ್ಲ ಅಲ್ಲಿಗೇ ಬರುತ್ತದೆ. ದೆವ್ವಕ್ಕೆ ಕಾಲಿತ್ತು, ಕೈ ಇರಲಿಲ್ಲ. ಕುಸುಬಿ ತಳ್ಳಲು ಬಾಳವ್ವನ ಕೈಯೇ ಬೇಕು. ಕೆಂದನ ನಡಿಗೆಗೆ ಪಳಗಿದ ಕೈ ಈಗ ದೆವ್ವದ ಓಟಕ್ಕೆ ಓಡಬೇಕಾಯಿತು.

ಸೋಮವಾರ ಬಂತು. ಬಾಳವ್ವ ಸೀಗೆಕಾಯಿ ನೆನೆ ಹಾಕಿದ್ದಳು.

"ಎಲ್ಲಿಗೆ ಹೊಂಟಿ?" ಅಂದ ಗಂಡ.

"ಇವತ್ತು ಸೋಮವಾರಲ್ರಿ."

"ಸೋಮವಾರ ಎತ್ತಿಂದು. ಎತ್ತೇ ಇಲ್ಲ ಅಂದಮ್ಯಾಲ ಎಲ್ಲೀ ಸೋಮವಾರ?"

ಬಾಳವ್ವನಿಗೆ ಆಗ ಹೊಳೆಯಿತು. ಹೌದಲ್ಲ, ಆ ದಿನ ಅವಳದು ಅಂತ ಯಾರೂ ಎಂದೂ ಹೇಳಿರಲಿಲ್ಲ. ಎತ್ತಿನ ಹೆಸರಲ್ಲಿ ಬಂದದ್ದನ್ನು ಅವಳು ಉಂಡಿದ್ದಳು ಅಷ್ಟೆ. ಆದರೂ ಬಿಡದೆ ಊರಗೌಡನ ಕಟ್ಟೆಗೆ ಹೋಗಿ ಕೇಳಿದಳು. ಗೌಡ ಮೀಸೆ ಸವರಿಕೊಂಡು, "ಹಿರಿಯರು ಹಾಕಿದ ಕಟ್ಟಳೆ ಎತ್ತಿಗೆ ಐತವ್ವ. ಗಾಣದ ಹೆಂಗಸಿಗೆ ಅಂತ ನಾವು ಎಲ್ಲೂ ಕೇಳಿಲ್ಲ," ಅಂದನಂತೆ. ಕೇಳಿರುವುದಾದರೂ ಹೇಗೆ? ಎಣ್ಣೆ ಬೇಕಾದಷ್ಟು ಸಿಗುತ್ತಿತ್ತು, ಗೌಡನ ಮನೆ ದೀಪ ಆಗ ಮೊದಲಿಗಿಂತ ಚೆನ್ನಾಗಿ ಉರಿಯುತ್ತಿತ್ತು.

ಒಂದು ಸೋಮವಾರ ಹೋಯಿತು, ಇನ್ನೊಂದು ಸೋಮವಾರ ಹೋಯಿತು, ಮತ್ತೊಂದು ಸೋಮವಾರವೂ ಹೋಯಿತು. ದನ ಕಾಯುವವರು ಬಂದು, "ನಿಮ್ಮವ್ವ ದಂಡಿಮ್ಯಾಗ ನಿಂತಾಳ," ಅನ್ನುತ್ತಿದ್ದರು. ಬಾಳವ್ವ, "ನಾಳಿ ಬರ್ತೀನಂತ ಹೇಳ್ರಿ," ಅನ್ನುತ್ತಿದ್ದಳು. ಅವಳ ಬೆರಳು ಬಾತುಕೊಂಡವು. ತಲೆಯ ಜಿಡ್ಡು ತಲೆಯಲ್ಲೇ ಒಣಗಿತು.

ಒಂದು ಸೋಮವಾರ ಬೆಳಿಗ್ಗೆ ಅವಳು ಎದ್ದವಳೇ ಗೂಟದಿಂದ ಕೆಂದನ ನೊಗ ಇಳಿಸಿದಳು.

"ಏನ್ ಮಾಡಾಕತ್ತಿ?" ಅಂದ ಚನಮಲ್ಲ.

"ಎತ್ತಿಗೆ ಸೋಮವಾರ ಐತಿ. ನನಗ ನೊಗ ಹಾಕ್ರಿ. ಹಂಗಾದ್ರೂ ಸಿಗತೈತೇನು ನೋಡ್ತೀನಿ."

ಅವನು, "ಹುಚ್ಚಿ" ಅಂತ ನಕ್ಕ. ಅವಳು ನಗಲಿಲ್ಲ. ನೊಗ ತಾನೇ ಕೊರಳಿಗೆ ಇಟ್ಟುಕೊಂಡು, ಹಗ್ಗವನ್ನೂ ತಾನೇ ಬಿಗಿದುಕೊಂಡಳು.

ಮೇಲಿಂದ ಬಸವಣ್ಣ ನೋಡಿದನಂತೆ. ಅವನು ದನದ ದೇವರು. ದನದ ಗೋಳು ಅವನಿಗೆ ತಿಳಿಯುತ್ತದೆ, ಹೆಂಗಸರ ಗೋಳು ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಸೋಮವಾರದ ದಿನ ಕೊರಳಲ್ಲಿ ನೊಗ ಕಂಡ. ಅಯ್ಯೋ ಪಾಪ ಅಂತ ಅವನ ಕೈಲಾದದ್ದು ಮಾಡಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಾಳವ್ವ ಇದ್ದ ಕಡೆ ಒಂದು ಬಿಳೀ ಆಕಳು ನಿಂತಿತ್ತು, ನೊಗ ಸಮೇತ.

ಎಣ್ಣೆಗೆ ಬಂದವರು ನೋಡಿ ಕೂಗಿಕೊಂಡರು. ಊರಿಗೆ ಊರೇ ಅಂಗಳಕ್ಕೆ ನುಗ್ಗಿತು. ಆಕಳ ಕೊರಳಿಗೆ ನೊಗ, ಅದೂ ಸೋಮವಾರ! ಗೌಡ ಕೋಪಕ್ಕೆ ಗಡಗಡ ನಡುಗುತ್ತಿದ್ದ.

"ಯಪ್ಪಾ, ಆಕಳಲ್ರೀ ಇದು, ನನ್ನ ಹೆಂಡತಿ," ಅಂತ ಚನಮಲ್ಲ ಅತ್ತ.

"ಹೆಂಡತಿ ಆಗಿದ್ರ ನಾವ್ಯಾಕ ಬರ್ತಿದ್ವಿ?" ಅಂದ ಗೌಡ. "ಆಕಳು ಅಂತನ ಬಂದೀವಿ."

ಅಲ್ಲೇ ನ್ಯಾಯ ತೀರ್ಮಾನ ಆಯಿತು. ಆಕಳ ನೊಗ ಬಿಚ್ಚಬೇಕು, ಮತ್ತೆಂದೂ ಕಟ್ಟಬಾರದು. ಸೋಮವಾರ ಅದನ್ನು ಅದರ ಪಾಡಿಗೆ ಬಿಡಬೇಕು. ಮಾಡಿದ ಪಾಪಕ್ಕೆ ಚನಮಲ್ಲನ ಗಾಣವೂ ಸೋಮವಾರ ನಿಲ್ಲಬೇಕು. ಬಾಳವ್ವ ಕೇಳಿದಾಗ ಸಿಗದ ದಿನ ಆಕಳಿಗೆ ಕೇಳದೆಯೇ ಸಿಕ್ಕಿತು. ಯಾರೊಬ್ಬರೂ ತಕರಾರು ಮಾಡಲಿಲ್ಲ.

ಅವತ್ತಿಂದ ಆರು ದಿನ ಚನಮಲ್ಲನೇ ಗಾಣದ ಬಾಯಿಗೆ ಕೂತ. ದೆವ್ವ ಓಡಿದ ಹಾಗೆ ಅವನ ಕೈ ಓಡಬೇಕು. ಸೋಮವಾರ ಬಾತ ಬೆರಳಲ್ಲೇ ಆಕಳ ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು, "ಒಂದ ಸಲ 'ಏನ್ರಿ' ಅನ್ನು ಬಾಳೀ" ಅಂತ ಬೇಡಿಕೊಳ್ಳುತ್ತಿದ್ದ. ಆಕಳು ಅವನ ಕಡೆ ನೋಡುತ್ತಲೂ ಇರಲಿಲ್ಲ. ಹಗ್ಗ ಬಿಚ್ಚಿದ ಕೂಡಲೇ ಹಳ್ಳದ ದಾರಿ ಹಿಡಿಯುತ್ತಿತ್ತು.

ಹಳ್ಳದಾಚೆ ಮುದುಕಿ ನಿಂತೇ ಇರುತ್ತಿದ್ದಳು. ಯಾರದೋ ಆಕಳು ನೀರು ದಾಟಿ ಬಂದು ತನ್ನ ಸೆರಗು ಮೂಸುವುದನ್ನು ಕಂಡು, ಹಿತ್ತಲಿಗೆ ಕರೆದುಕೊಂಡು ಹೋಗಿ, ಮಗಳಿಗೆ ಅಂತ ಇಟ್ಟ ಮಜ್ಜಿಗೆಯನ್ನೇ ಬೋಗುಣಿಗೆ ಸುರಿಯುತ್ತಿದ್ದಳು. ನೊಗ ಉಜ್ಜಿದ ಕೊರಳು ಸವರುತ್ತ ಹೇಳುತ್ತಿದ್ದಳಂತೆ:

"ನಿನಗಾದ್ರೂ ಸೋಮವಾರ ಐತಲ್ಲವ್ವ. ನನ್ನ ಮಗಳಿಗೆ ಪುರುಸೊತ್ತಿಲ್ಲ."

ಮುದುಕಿ ಅಲ್ಲಿ ಮಗಳ ದಾರಿ ಕಾಯುತ್ತ ಕೂತಳು, ನಾವು ಇಲ್ಲಿ ಕಥೆ ಮುಗಿಸಿ ಕೂತೆವು. ಕೇಳಿದ ಹೆಣ್ಣುಮಕ್ಕಳು ಈಗಲೇ ಏಳಬೇಡಿ, ಒಲೆ ಇನ್ನೊಂದು ಗಳಿಗೆ ಕಾಯಲಿ.