ಐದನೆಯ ಸ್ಪೀಕರ್

ಹೊಳೆದಂಡೆಯ ಆ ಮಠದಲ್ಲಿ ಸೋಮವಾರ ಸಂಜೆ ಐದು ಮಂದಿ ನಿಂತು ವಚನ ಹಾಡುವುದು ರೂಢಿ. ನಾಲ್ವರು ಗಂಡಸರು. ಅವರ ಮುಂದೆ, ಗಾಳಿಯಲ್ಲಿ ಕೈಯಾಡಿಸಿ ತಾಳ ತೋರಿಸುತ್ತ, ಶಾಂಭವಿ ಎಂಬ ಹುಡುಗಿ.

ಹಾಡನ್ನು ಕಂಪ್ಯೂಟರಿಗೆ ಇಳಿಸುವವನು ಶಿಷ್ಯ ಕೊಟ್ರೇಶ. ಒಬ್ಬೊಬ್ಬರಿಗೂ ಒಂದೊಂದು ಮೈಕು, ದನಿ ಬೇರೆಯಾಗಿಯೇ ದಾಖಲಾಗಲು ಒಂದೊಂದು ಚಾನೆಲ್. ಮತ್ತೆ ಕೇಳಿಸುವಾಗ ಅವರು ನಿಂತಿದ್ದ ಜಾಗದಲ್ಲೇ ಒಂದೊಂದು ಸ್ಪೀಕರ್ ಇಡುತ್ತಿದ್ದ. ಕಣ್ಣು ಮುಚ್ಚಿದರೆ ಐವರೂ ಎದುರಿಗೇ ನಿಂತಂತೆ.

ಒಂದು ಸೋಮವಾರ ಹಾಡಿ ಹೋದ ಶಾಂಭವಿ ಅದೇ ವಾರ ತೀರಿಕೊಂಡಳು. ಹುಟ್ಟಿನಿಂದ ಉಬ್ಬಸವಿತ್ತು.

ತಿಂಗಳು ಕಳೆದ ಮೇಲೆ ಅವಳ ತಾಯಿ ಹಾಲವ್ವ ಮಠಕ್ಕೆ ಬಂದಳು. ಮುಂದಿನ ಸ್ಪೀಕರಿನ ಎದುರು ಕೂತಳು.

"ಆ ಕಡೀ ಸೋಮವಾರದ ಹಾಡು ಹಚ್ಚು ತಮ್ಮಾ. ನನ್ನ ಮಗಳ ದನಿ ಒಮ್ಮಿ ಕೇಳಿ ಹೋಗ್ತೀನಿ."

ಕೊಟ್ರೇಶ ಹಚ್ಚಿದ. ಎಡಬದಿಯ ಇಬ್ಬರು ಹಾಡಿದರು. ಉಳಿದ ಮೂರು ಸ್ಪೀಕರುಗಳು ಸುಮ್ಮನಿದ್ದವು.

"ಹೆದರಬೇಡಿ ಅವ್ವಾ," ಎಂದ ಕೊಟ್ರೇಶ. "ಕಂಪ್ಯೂಟರ್ ತಾನಾಗಿಯೇ ಬೇರೆ ಡ್ರೈವರ್ ಹಾಕಿಕೊಂಡಿದೆ, ಅಂದರೆ ಸ್ಪೀಕರುಗಳಿಗೆ ಸದ್ದು ಹಂಚುವ ಪ್ರೋಗ್ರಾಂ. ಅದಕ್ಕೆ ಎರಡರ ಮೇಲೆ ಎಣಿಸೋಕೆ ಬರೋದಿಲ್ಲ."

ಕಂಬಕ್ಕೆ ಒರಗಿ ಕೂತಿದ್ದ ಗುರುಗಳು ನಕ್ಕರು. "ನೀನು ಮಠಕ್ಕೆ ಬಂದಾಗ ನಿನಗೂ ಅಷ್ಟೇ ಬರುತ್ತಿತ್ತು."

ಕೊಟ್ರೇಶ ಆ ಡ್ರೈವರನ್ನು ತೆಗೆದು, ಮೈಕು ಸ್ಪೀಕರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ ಸ್ವಂತ ಡ್ರೈವರನ್ನು ಹಾಕಿದ. ಪರದೆಯ ಮೇಲೆ ಸ್ಪೀಕರುಗಳಿಗೆ ಹೋಗುವ ಐದು ದಾರಿಗಳೂ ಕಾಣಿಸಿದವು. ಒಂದೊಂದು ಚಾನೆಲ್ಲನ್ನೂ ಅದರದರ ಸ್ಪೀಕರಿಗೆ ಜೋಡಿಸಿ ಮತ್ತೆ ಹಚ್ಚಿದ.

ಈಗ ನಾಲ್ವರೂ ಹಾಡಿದರು. ಹಾಲವ್ವನ ಎದುರಿನ ಸ್ಪೀಕರ್ ಮಾತ್ರ ಸುಮ್ಮನಿತ್ತು.

ಹಾಡು ಮುಗಿಯುವವರೆಗೂ ಅವಳು ಅಲ್ಲಾಡಲಿಲ್ಲ. ಆಮೇಲೆ ಕೇಳಿದಳು:

"ಸತ್ತಾಕಿ ಅಂತ ತಗದುಬಿಟ್ಟಿಯೇನು ತಮ್ಮಾ?"

"ಇಲ್ಲ ಅವ್ವಾ! ನಾನು ಮುಟ್ಟಿಯೇ ಇಲ್ಲ!"

ಐದನೆಯ ದಾರಿಗೆ ಪರೀಕ್ಷೆಯ ಸದ್ದು ಕಳಿಸಿದ. ಸ್ಪೀಕರ್ ಸ್ಪಷ್ಟವಾಗಿ ಕೂಗಿತು. ತಂತಿ ಬದಲಿಸಿದ. ನಾಲ್ಕನೆಯವನ ಹಾಡನ್ನು ಐದನೆಯ ಸ್ಪೀಕರಿಗೆ ತಿರುಗಿಸಿದ. ಅದೂ ಕೇಳಿಸಿತು. ಮತ್ತೆ ಶಾಂಭವಿಯ ಚಾನೆಲ್ಲಿಗೆ ಬಂದ. ಏನೂ ಇಲ್ಲ.

"ತಂತಿ?" ಎಂದರು ಗುರುಗಳು.

"ಸರಿ ಇದೆ, ಅಜ್ಜಾರೆ."

"ಡ್ರೈವರ್?"

"ಸರಿ ಇದೆ."

"ಸ್ಪೀಕರ್?"

"ಅದೂ ಸರಿ ಇದೆ. ತಪ್ಪು ಎಲ್ಲಿದೆ ಅಂತಲೇ ತಿಳೀತಿಲ್ಲ."

"ತಪ್ಪು ಇದೆ ಅಂತ ನಿನಗೆ ಯಾರು ಹೇಳಿದರು?"

ಕೊಟ್ರೇಶನಿಗೆ ಅರ್ಥವಾಗಲಿಲ್ಲ. "ಅವಳು ಹಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅಜ್ಜಾರೆ. ಬಾಯಿ ಆಡುತ್ತಿತ್ತು. ಕೈ ತಾಳ ತೋರಿಸುತ್ತಿತ್ತು."

"ಅವಳ ದನಿಗೆ ಮೈಕಿನ ದೀಪ ಮಿನುಗುತ್ತಿತ್ತೋ?"

ಕೊಟ್ರೇಶ ತಲೆ ತಗ್ಗಿಸಿದ. "ನೋಡಲಿಲ್ಲ. ಮೊದಲ ಸಾಲು ಮುಗಿಯುತ್ತಲೇ ನಾನೂ ಗುನುಗುತ್ತ ಭಕ್ತಿಯಿಂದ ಕಣ್ಣು ಮುಚ್ಚಿದ್ದೆ."

"ಪೂಜೆಯಲ್ಲಿ ಮುಚ್ಚಿದರೆ ಭಕ್ತಿ. ಕೆಲಸದಲ್ಲಿ ಮುಚ್ಚಿದರೆ ನಿದ್ದೆ."

ಕೊಟ್ರೇಶ ಹೆಡ್‌ಫೋನ್ ಹಾಕಿಕೊಂಡ. ಉಳಿದ ನಾಲ್ಕನ್ನೂ ಮುಚ್ಚಿ, ಐದನೆಯದರ ಸದ್ದನ್ನು ಏರಿಸುತ್ತ ಹೋದ. ಪರದೆಯ ಮೇಲಿನ ಗೆರೆ ಚೂರೇ ಅಲುಗಿತು. ಇನ್ನೂ ಏರಿಸಿದ.

ಅವನ ಕೈ ಗಕ್ಕನೆ ನಿಂತಿತು.

ಬಹಳ ದೂರದಲ್ಲಿ ನಾಲ್ವರು ಹಾಡುತ್ತಿದ್ದರು. ಕಿವಿಗೆ ತೀರ ಹತ್ತಿರದಲ್ಲಿ ಯಾರೋ ಉಸಿರಾಡುತ್ತಿದ್ದರು.

ಅವನು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. ಗುರುಗಳ ಬಳಿ ಹೋಗಿ ಪಿಸುಗುಟ್ಟಿದ.

"ಅಜ್ಜಾರೆ, ಅವಳು ಹಾಡಿಯೇ ಇಲ್ಲ. ಬರೀ ಉಸಿರಿದೆ. ಹಾಡಿನ ಉದ್ದಕ್ಕೂ ಬರೀ ಉಸಿರು."

ಗುರುಗಳು ಹಾಲವ್ವನತ್ತ ನೋಡಿದರು.

"ಈ ತಾಯಿಗೆ ಹೇಗೆ ಹೇಳಲಿ? ಪೆಟ್ಟಿಗೆ ಕೆಟ್ಟು ಧ್ವನಿ ಅಳಿಸಿಹೋಯಿತು ಅಂದುಬಿಡುತ್ತೇನೆ. ನನ್ನನ್ನು ಬೈದುಕೊಂಡು ಹೋಗಲಿ. ಮಗಳು ಹಾಡಲಿಲ್ಲ ಅನ್ನೋದಕ್ಕಿಂತ ಅದೇ ವಾಸಿ."

ಗುರುಗಳು ಎದ್ದು ಮೇಜಿನ ಬಳಿ ಹೋದರು. ಹೆಡ್‌ಫೋನ್ ಎತ್ತಿಕೊಂಡು, ಹಾಲವ್ವನ ಸೆರಗು ಸರಿಸಿ, ತಾವೇ ಅವಳ ಕಿವಿಗೆ ಹಾಕಿದರು.

"ಅಜ್ಜಾರೆ, ಬೇಡ!" ಎಂದ ಕೊಟ್ರೇಶ.

ಗುರುಗಳು ಅವನತ್ತ ನೋಡಿದರು. ಅವನು ಹಚ್ಚಿದ.

ಹಾಲವ್ವ ಬೆಚ್ಚಿಬಿದ್ದಳು. ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಕೊಟ್ರೇಶ ಕಣ್ಣು ಬೇರೆ ಕಡೆ ತಿರುಗಿಸಿದ.

"ಇಕಿನ!" ಎಂದು ಅವಳು ಜೋರಾಗಿ ಕೂಗಿದಳು. ತನ್ನ ದನಿ ತನಗೆ ಕೇಳಿಸುತ್ತಿರಲಿಲ್ಲ. "ಇಕಿನರೀ ನನ್ನ ಮಗಳು! ಉಸಿರಿನ ಕಡೀಕ ಸಣ್ಣಗ ಸಿಳ್ಳು ಬರತೈತಿ ನೋಡ್ರಿ. ಕೂಸಿದ್ದಾಗಿಂದ ಎದೀಗೆ ಕಿವಿ ಹಚ್ಚಿ ಕೇಳೀನಿ. ನನಗ ತಪ್ಪತೈತೇನು?"

ಕೊಟ್ರೇಶ ಅವಳತ್ತ ತಿರುಗಿದ.

ಹಾಲವ್ವ ಕಣ್ಣು ಮುಚ್ಚಿದಳು. ಆಮೇಲೆ ಅವರಿಬ್ಬರ ಮಾತು ಅವಳಿಗೆ ಕೇಳಿಸಲಿಲ್ಲ.

"ಅಜ್ಜಾರೆ, ನಿಮಗೆ ಮೊದಲೇ ಗೊತ್ತಿತ್ತೇ?"

"ಆ ದಿನ ಬೆಳಿಗ್ಗೆ ಬಂದಿದ್ದಳು. ದನಿ ಏಳುತ್ತಿರಲಿಲ್ಲ. ಸಂಜೆ ಬರಲೋ ಬೇಡವೋ ಅಂತ ಸನ್ನೆ ಮಾಡಿ ಕೇಳಿದಳು. ಬಾ ಅಂದೆ."

"ಜೊತೆಗೆ ಹಾಡಿದವರಿಗೆ?"

"ಅವರಿಗೂ ಗೊತ್ತಿತ್ತು. ಕಣ್ಣು ಮುಚ್ಚಿದ್ದವನು ನೀನೊಬ್ಬನೇ."

ಕೊಟ್ರೇಶನಿಗೆ ಸಿಟ್ಟು ಬಂತು. ಗುರುಗಳ ಮುಂದೆ ಅವನ ದನಿ ಎಂದೂ ಏರಿದ್ದಿಲ್ಲ. ಅಂದು ಏರಿತು.

"ಉಸಿರಾಡಲು ಕಷ್ಟಪಡುತ್ತಿದ್ದವಳು! ಒಂದಕ್ಷರ ಹಾಡಲಾರದವಳು! ಅಂಥವಳನ್ನು ಅವರ ಮುಂದೆ ಯಾಕೆ ನಿಲ್ಲಿಸಿದಿರಿ, ಅಜ್ಜಾರೆ?"

ಗುರುಗಳು ಮತ್ತೆ ಕಂಬಕ್ಕೆ ಒರಗಿ ಕೂತರು.

"ಐದನ್ನೂ ಒಟ್ಟಿಗೆ ಹಚ್ಚು. ಅವಳ ಉಸಿರು ಎಲ್ಲೆಲ್ಲಿದೆ, ಆ ನಾಲ್ವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎರಡನ್ನೂ ಕೇಳು."