ಬೀಸೋ ಕಲ್ಲು ಹಾಸಿದ ಅರಮನೆ

ಸರಿದು ಮಲಗು ಕೆಂಪಿ, ಕಾಲು ಕಂಬಳಿ ಒಳಗಿಡು. ಇವತ್ತಿಂದು ಹೆದರಿಕೆ ಕತೆ, ಬೇಡ ಅಂದ್ರೆ ಈಗಲೇ ಹೇಳಿಬಿಡು. ಬೇಕಾ? ಹಾಗಾದ್ರೆ ಹೂಂ ಅನ್ತಿರಬೇಕು. ನಿನ್ನ ಹೂಂ ನಿಂತ್ರೆ ಕತೇನೂ ನಿಲ್ಲುತ್ತೆ.

ಒಂದಾನೊಂದು ಕಾಲ ಇತ್ತಂತೆ, ಆ ಕಾಲಾನೂ ದೊರೆಗಳ ಪಾಲಿಗೇ ಹೋಗಿತ್ತಂತೆ. ಏಳು ಸಮುದ್ರದ ಆಚೆ, ಯೂರೋಪು ಅನ್ನೋ ಚಳಿ ಸೀಮೆಯಲ್ಲಿ ಒಂದು ನದಿ, ನದಿ ಪಕ್ಕ ಊರು, ಊರಿನ ನೆತ್ತಿ ಮೇಲೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಕೋಟೆಯಲ್ಲಿದ್ದ ಮನೆತನದ ಹೆಸರು ಗ್ರಿಮ್ಮೆನ್‌ವಾರ್ಟ್ ಅಂತೆ. ನನ್ನ ಬಾಯಿ ತಿರುಗಲ್ಲ. ಅವರ ಬಾವುಟದಲ್ಲಿ ತೋಳ ಇತ್ತು, ತೋಳದ ಮನೆಯವರು ಅನ್ನೋಣ. ದೊಡ್ಡ ವಂಶ, ದೊಡ್ಡ ವಂಶ ಅಂತ ಹೊಗಳುಭಟರು ಹಾಡ್ತಿದ್ರಂತೆ. ಹೇಗೆ ದೊಡ್ಡದಾಯ್ತು ಅನ್ನೋದನ್ನ ಮಾತ್ರ ಅವರು ಹಾಡ್ತಿರಲಿಲ್ಲ. ನಾನು ಹೇಳ್ತೀನಿ ಕೇಳು.

ಮೊದಲು ಅಜ್ಜದೊರೆ ಬಂದ, ನದಿ ನಂದು ಅಂದ. ಊರವರು ಹೆದರಿ ಹೂಂ ಅಂದ್ರು. ಆಮೇಲೆ ಅವನ ಮಗ ಬಂದ, ಕಾಡು ನಂದು ಅಂದ, ಒಣ ಪುಳ್ಳೆ ಆರಿಸಿದವರಿಗೂ ಚಾಟಿ ಏಟು. ಅದಕ್ಕೂ ಹೂಂ ಅಂದ್ರು. ಆಮೇಲೆ ಮೊಮ್ಮಗ ಬಂದ. ಬಾಚೋಕೆ ಇನ್ನೇನು ಉಳಿದಿದೆ ಅಂತ ಗುಡ್ಡದ ಮೇಲಿಂದ ಕಿವಿ ಕೊಟ್ಟು ಕೇಳಿದನಂತೆ. ಬೆಳಗಿನ ಹೊತ್ತು, ಮನೆಮನೆಯಿಂದ ಘರ್ರ್ ಘರ್ರ್ ಅಂತ ಸದ್ದು. ಹೆಂಗಸರು ಬೀಸ್ತಿದ್ರು. ನಮ್ಮ ಹಿತ್ತಲಲ್ಲಿ ಬಿದ್ದಿದೆಯಲ್ಲ, ನೀನು ಹತ್ತಿ ಕೂರ್ತೀಯಲ್ಲ, ಅಂಥದ್ದೇ ಬೀಸೋ ಕಲ್ಲು. ಅದೂ ನಂದು ಅಂದ.

ಇನ್ನು ಯಾರೂ ಮನೇಲಿ ಬೀಸಕೂಡದು, ನದೀಲಿರೋ ನನ್ನ ಗಿರಣಿಗೇ ತರಬೇಕು, ಮೂರು ಪಾಲು ಹಿಟ್ಟಲ್ಲಿ ಒಂದು ಪಾಲು ನನಗೆ ಅಂತ ಡಂಗುರ ಸಾರಿಸಿ, ಗಾಡಿ ಕಳಿಸಿ ಎಲ್ಲರ ಮನೆ ಕಲ್ಲನ್ನೂ ಹೇರಿಸಿಕೊಂಡ. ಒಡೆದು ಬಿಸಾಕಿದ್ರೆ ಸಂಕಟ ಅಷ್ಟಕ್ಕೇ ಮುಗೀತಿತ್ತು. ಅವನು ಅವನ್ನ ತನ್ನ ದರ್ಬಾರಿನ ನೆಲಕ್ಕೆ ಹಾಸಿಸಿದನಂತೆ, ಒಂದೊಂದು ಮನೆಯದ್ದು ಒಂದೊಂದು ಜೋಡಿ, ಮೇಲುಗಲ್ಲು ಕೆಳಗಲ್ಲು ಪಕ್ಕಪಕ್ಕ. ಇವರ ಅಜ್ಜಿಯರು ತಿರುಗಿಸಿದ ಕಲ್ಲಿನ ಮೇಲೆ ನಾನು ಊಟಕ್ಕೆ ಕೂರ್ತೀನಿ ಅಂತ ನಕ್ಕನಂತೆ. ವರ್ಷಕ್ಕೊಂದು ಸಲ ಊರವರೆಲ್ಲ ಅಲ್ಲಿಗೆ ಹೋಗಿ ಮೊಣಕಾಲೂರಬೇಕು. ಹೋದಾಗ ಹೆಂಗಸರು ಏನು ಮಾಡ್ತಿದ್ರು ಗೊತ್ತಾ, ಉಳಿ ಕಚ್ಚಿನ ಗುರುತಿನಿಂದ ತಂತಮ್ಮ ಕಲ್ಲು ಹುಡುಕಿ ಅದರ ಮೇಲೇ ಊರ್ತಿದ್ರಂತೆ. ದೊರೆ ನೋಡಿ, ಪರವಾಗಿಲ್ಲ, ದನಗಳಿಗೆ ಕಟ್ಟೋ ಗೊಂತು ಅಭ್ಯಾಸ ಆಗಿದೆ ಅಂದನಂತೆ.

ಕೆಂಪಿ, ಹೂಂ ಅನ್ನು.

ಅದೇ ದರ್ಬಾರಿನ ಮೂಲೆಯಲ್ಲಿ ಒಂದು ಗುಂಡಿ ಇತ್ತು. ಮರೆವಿನ ಗುಂಡಿ ಅಂತ ಅದರ ಹೆಸರು. ಬಾವಿಯಷ್ಟು ಆಳ, ನೀರಿಲ್ಲ, ಬೆಳಕಿಲ್ಲ. ಕಲ್ಲಿಲ್ಲದೆ ಮನೇಲೇ ಕದ್ದು ಒರಳಲ್ಲಿ ಕುಟ್ಟಿ ಹಿಟ್ಟು ಮಾಡಿ ಸಿಕ್ಕಿಬಿದ್ದವರನ್ನ ಅದಕ್ಕೆ ಇಳಿಸೋರು. ಇಳಿಸೋ ಮುಂಚೆ ದೊರೆ ಮೂರು ಸಲ ಕೇಳ್ತಿದ್ದ, ಇವಳು ಯಾರವಳು ಅಂತ. ನಮ್ಮವಳು ಅಂದವರೂ ಗುಂಡಿಗೇ. ಅದಕ್ಕೇ ಯಾರೂ ಬಾಯಿ ಬಿಡ್ತಿರಲಿಲ್ಲ, ಹೆತ್ತ ತಾಯಿ ಕೂಡ. ಆಮೇಲೆ ಗುಂಡಿಗೆ ಹೋದವಳ ಹೆಸರನ್ನ ಊರಲ್ಲಿ ಯಾರೂ ಎತ್ತಕೂಡದು. ಗಾಳಿ ಬೀಸಿದ್ರೆ ಗುಂಡಿ ಊಂ ಅನ್ತಿತ್ತಂತೆ.

ಇರಲಿ, ನನ್ನ ಕೈ ಹಿಡ್ಕೊ.

ನೆಲವೆಲ್ಲ ಹಾಸಿ ಆದ್ಮೇಲೆ ಒಂದು ಜೋಡಿಯ ಜಾಗ ಖಾಲಿ ಉಳೀತು, ಸರಿಯಾಗಿ ದೊರೆ ಕುರ್ಚಿ ಮುಂದೆ. ಅಂದ್ರೆ ಯಾರೋ ಒಬ್ಬರು ಕಲ್ಲು ಕೊಟ್ಟಿಲ್ಲ. ದೊರೆ ಆ ಖಾಲಿ ಜಾಗ ನೋಡೋನು, ಆಮೇಲೆ ಬಗ್ಗಿದ ತಲೆಗಳನ್ನ ನೋಡೋನು.

ಕೊಡದೇ ಇದ್ದವಳು ಓಡಿಲಿಯಾ ಅನ್ನೋ ಒಬ್ಬ ಮುದುಕಿ. ಗಾಡಿ ಬಂದಾಗ, ನಮ್ಮದು ಒಡೆದು ಹೋಗಿ ವರ್ಷ ಆಯ್ತಪ್ಪ ಅಂದುಬಿಟ್ಟಿದ್ದಳು. ಕಲ್ಲು ಒಲೆ ಪಕ್ಕ ನೆಲದಡಿ ಹೂತಿತ್ತು. ಅವಳಿಗೆ ಲೀಸ್ಬೆತ್ ಅಂತ ಮೊಮ್ಮಗಳು, ಯೋಸ್ಟ್ ಅಂತ ಹಾಲು ಬಿಟ್ಟ ಕೂಸು ಮೊಮ್ಮಗ, ಅಪ್ಪ ಅಮ್ಮ ಇಲ್ಲ. ಆ ಚಳಿಗಾಲ ಕೂಸಿಗೆ ಕಾಯಿಲೆ. ಮನೇಲಿದ್ದದ್ದು ಮೂರು ಬೊಗಸೆ ಜವೆಗೋಧಿ. ಅದರಲ್ಲಿ ಒಂದು ಬೊಗಸೆ ಗಿರಣಿಗೆ ಕೊಟ್ರೆ ಕೂಸು ಉಳಿಯಲ್ಲ. ಮುದುಕಿ ಕೈಗೆ ಶಕ್ತಿ ಇಲ್ಲ. ನಾನು ಬೀಸ್ತೀನಿ ಅಜ್ಜಿ ಅಂತ ಲೀಸ್ಬೆತ್ ಕಲ್ಲನ್ನ ಅಗೆದು ತೆಗೆದಳಂತೆ.

ಬೀಸೋದು ಹೇಗೆ? ದೊರೆಗೊಬ್ಬ ಪಾರುಪತ್ಯಗಾರ ಇದ್ದ. ಉಣ್ಣೆ ಮೆಟ್ಟು ಹಾಕ್ಕೊಂಡು, ಹೆಜ್ಜೆ ಸದ್ದಿಲ್ಲದೆ, ಕಂಡವರ ಬಾಗಿಲಿಗೆ ಕಿವಿ ಇಡೋನು. ಅದಕ್ಕೆ ಓಡಿಲಿಯಾ ಹೇಳಿಕೊಟ್ಟಳು, ಬೆಳಗ್ಗೆ ಚರ್ಚಿನ ಗಂಟೆ ಹೊಡೀತಾರಲ್ಲ ಮಗಾ, ಗಂಟೆ ಇರೋವಷ್ಟು ಹೊತ್ತು ಮಾತ್ರ ಬೀಸು, ನಿಂತ ಕೂಡಲೇ ನಿಲ್ಲಿಸು. ಮೊದಲ ದಿನ ಒಂದು ಬೊಗಸೆ ಬೀಸಿದಳು, ಕೂಸು ಗಂಜಿ ಕುಡಿದು ಕಣ್ಣು ಬಿಡ್ತು. ಎರಡನೇ ದಿನ ಇನ್ನೊಂದು ಬೊಗಸೆ, ಕೂಸು ನಕ್ಕಿತು. ಮೂರನೇ ದಿನ ಪಾರುಪತ್ಯಗಾರ ಒಬ್ಬ ಭಟನನ್ನ ಚರ್ಚಿಗೆ ಕಳಿಸಿ, ಗಂಟೆಯನ್ನ ನಡುವೇ ತಟಕ್ಕನೆ ನಿಲ್ಲಿಸಿ, ತಾನು ಬೀದಿಯಲ್ಲಿ ಕಿವಿ ಕೊಟ್ಟು ನಿಂತನಂತೆ. ಊರೆಲ್ಲ ಗಪ್‌ಚಿಪ್. ಆ ಮೌನದಲ್ಲಿ ಒಂದೇ ಒಂದು ಮನೆಯಿಂದ, ಘರ್ರ್.

ಲೀಸ್ಬೆತ್ ಕೈ ತೆಗೆದಳು. ಬಾಗಿಲ ಸಂದಿಯಲ್ಲಿ ನೋಡ್ತಾಳೆ, ಉಣ್ಣೆ ಮೆಟ್ಟು ಆಗಲೇ ಹೊಸಿಲ ಮೇಲಿದೆ.

ಆಮೇಲೆ ಅವಳನ್ನೂ ಎಳ್ಕೊಂಡು, ಕಲ್ಲನ್ನೂ ಹೊತ್ಕೊಂಡು, ಊರವರನ್ನೆಲ್ಲ ದರ್ಬಾರಿಗೆ ಕರೆಸಿದ್ರು. ಎಲ್ಲರೂ ಮೊಣಕಾಲೂರಿದ್ರು. ಗುಂಡಿ ಬಾಯಿ ತೆರೆದ್ರು. ಯಾರವಳು ಇವಳು ಅಂತ ದೊರೆ ಕೇಳಿದ. ಯಾರೂ ಮಾತಾಡಲಿಲ್ಲ. ಓಡಿಲಿಯಾ ಮಡಿಲಲ್ಲಿ ಕೂಸು, ಬಾಯಿ ಬಿಟ್ರೆ ಕೂಸು ಅನಾಥ, ಬಿಡದಿದ್ರೆ ಈ ಹುಡುಗಿ ಹೋದಳು. ಎರಡನೇ ಸಲ ಕೇಳಿದ. ಗುಂಡಿ ಊಂ ಅಂತು.

ದೊರೆಗೆ ಆಟ. ಮೊದಲು ನನ್ನ ನೆಲ ತುಂಬಲಿ ಅಂದ. ಕೆಳಗಲ್ಲನ್ನ ಭಟರು ಖಾಲಿ ಜಾಗಕ್ಕೆ ಕೂರಿಸಿದ್ರು. ಮೇಲುಗಲ್ಲನ್ನ ನೀನೇ ಪಕ್ಕಕ್ಕಿಡು ಅಂದ. ಲೀಸ್ಬೆತ್‌ಗೆ ಕಣ್ಣು ಕತ್ತಲೆ ಬರ್ತಿತ್ತು. ಕೈಗೆ ಗೊತ್ತಿದ್ದದ್ದು ಒಂದೇ, ಪಕ್ಕಕ್ಕಿಡೋ ಬದಲು ಕೆಳಗಲ್ಲಿನ ಮೇಲೇ ಇಟ್ಟಳು. ಗೂಟ ಹಿಡಿದ ಕೈ ಗಡಗಡ ನಡುಗ್ತಿತ್ತು. ಆ ನಡುಕಕ್ಕೆ ಕಲ್ಲು ತಾನೇ ತಿರುಗ್ತು. ಘರ್ರ್. ಘರ್ರ್.

ಅವಳು ಬೀಸಲಿಲ್ಲ ಕೆಂಪಿ, ಹೆದರಿಕೆ ಬೀಸ್ತು. ಆ ಹೆಂಗಸರು ಆ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತೋ. ಒಬ್ಬೊಬ್ಬಳ ಅಂಗೈಯೂ ತನ್ನ ಮೊಣಕಾಲಡಿಯ ಕಲ್ಲು ಮುಟ್ಟಿ ನೋಡ್ತಂತೆ.

ಯಾರವಳು ಅಂತ ದೊರೆ ಮೂರನೇ ಸಲ ಕೇಳಿದ. ನನ್ನ ಮೊಮ್ಮಗಳು, ಲೀಸ್ಬೆತ್ ಅವಳ ಹೆಸರು, ಅಂದಳು ಓಡಿಲಿಯಾ. ಪಕ್ಕದವಳು, ನಮ್ಮ ಮನೆ ಮಗಳೂ ಹೌದು ಅಂದಳು. ಅದರ ಪಕ್ಕದವಳು, ನಮ್ಮದೂ. ಹಿಡೀರಿ ಎಲ್ಲರನ್ನೂ ಅಂತ ದೊರೆ ಅಬ್ಬರಿಸಿದ. ಭಟರು ಯಾರು? ಅದೇ ಊರಿನ ಹೈಕಳು. ಹಗ್ಗ ಹಿಡಿದು ನಿಂತವನಿಗೆ ಅವನ ತಾಯಿ ಕೂತಲ್ಲಿಂದಲೇ, ಬಾರೋ ನನ್ನಪ್ಪ, ಈ ಕಲ್ಲಲ್ಲಿ ಬೀಸಿದ್ದು ತಿಂದೇ ಆ ರಟ್ಟೆ ಬಂದಿದ್ದು, ಕಟ್ಟು ನೋಡಣ ಅಂದಳಂತೆ. ಅವನು ಹಗ್ಗ ಕೆಳಗೆ ಹಾಕಿ, ಅವ್ವನ ಕಲ್ಲು ಎಬ್ಬಿಸೋಕೆ ಈಟಿ ಕೊಟ್ಟ. ಆಮೇಲೆ ನೋಡು, ಒಂದೊಂದೇ ಕಲ್ಲು ಎದ್ದಿತು. ಕುರ್ಚಿ ಕಾಲಡಿ ಬರೀ ಮಣ್ಣು. ದೊರೆ ಆ ಮಣ್ಣಲ್ಲೇ ಎಡವಿ, ಬಿದ್ದು, ಎದ್ದು, ಹಿಂಬಾಗಿಲಿಂದ ಓಡಿದವನು ಇವತ್ತಿಗೂ ಬಂದಿಲ್ಲ.

ಹೆಂಗಸರು ಕೂಡಲೇ ಮನೆಗೆ ಹೋಗಲಿಲ್ಲ. ಗುಂಡಿ ಬಾಯಲ್ಲಿ ಕೂತು, ಅದರೊಳಗೆ ಹೋದವರ ಹೆಸರನ್ನ ಒಂದೊಂದಾಗಿ ಮೂರು ಮೂರು ಸಲ ಕೂಗಿದ್ರು. ಹೆಸರೆಲ್ಲ ಮುಗಿದ ಮೇಲೆ ಗುಂಡಿ ಊಂ ಅನ್ನೋದನ್ನ ನಿಲ್ಲಿಸಿತಂತೆ. ಮಾರನೇ ಬೆಳಗ್ಗೆ ಮನೆಮನೆಯಲ್ಲೂ ಘರ್ರ್ ಘರ್ರ್. ಯೋಸ್ಟ್ ಬೆಳೆದು ದೊಡ್ಡವನಾದ, ಕೋಟೆಯಲ್ಲಿ ಹುಲ್ಲು ಬೆಳೀತು, ನದಿ ನದಿಯ ಪಾಡಿಗೆ ಹರೀತು.

ಇಲ್ಲಿಗೆ ನನ್ನ ಕತೆ ಬೀಸಿ ಮುಗೀತು, ಕಲ್ಲು ಒರೆಸಿಟ್ಟೆ. ಏನು? ನಮ್ಮೂರಲ್ಲೂ ಅಂಥವರು ಇದ್ರಾ ಅಂತೀಯಾ? ಇದ್ರು, ಬೇರೆ ಹೆಸರು, ಬೇರೆ ಬಾವುಟ. ಅವರು ಬಂದು ಇದು ನಂದು ಅಂದಾಗ ಕೈ ನಡುಗಲಿ, ನಡುಗಿದ್ರೆ ತಪ್ಪಿಲ್ಲ, ಕಲ್ಲು ಮಾತ್ರ ಬಿಡಬೇಡ. ಹೂಂ ಅನ್ನೋದನ್ನ ಕತೆಗೆ ಇಟ್ಟುಕೋ. ಈಗ ಮಲಗು.